ಕೂಸಿನ ಬೆನ್ನ ಮೇಲೆ ನಾಲ್ಕು ಬೆರಳು

ನಮ್ಮ ಮನೆಯ ಹಿತ್ತಲಲ್ಲಿ ಲಿಂಬೆ ಹೆಚ್ಚುವ ಕೆಲಸ ದೀಪಾವಳಿ ದಾಟಿದ ಮೇಲೆ ಶುರುವಾಗುತ್ತದೆ. ಲಚ್ಯಾಣದ ಕಡೆಗೆ ನಮ್ಮ ತೋಟ. ಅಲ್ಲಿಂದ ಬರುವ ಕಾಯಿಗಳಲ್ಲಿ ಒಳ್ಳೆಯವು ಚೀಲ ತುಂಬಿ ಇಂಡಿ ಪಟ್ಟಣದ ಮಾರುಕಟ್ಟೆಗೆ ಹೋಗುತ್ತವೆ. ಸಿಪ್ಪೆ ಒಡೆದವು, ಮುಳ್ಳು ಗೀರಿದವು, ಉದುರಿ ಬಿದ್ದು ಒಂದು ಬದಿ ಮೆತ್ತಗಾದವು ಮನೆಗೆ ಬರುತ್ತವೆ. ಅವೆಲ್ಲ ಉಪ್ಪಿನಕಾಯಿಗೆ. ನಮ್ಮ ಅತ್ತೆಯವರ ಕಾಲದಲ್ಲಿ ಅದು ಬೀಗರು ಬಿಜ್ಜರಿಗಷ್ಟೇ ಆಗುತ್ತಿತ್ತು. ಈಗ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಖಾನಾವಳಿಗಳಿಗೂ ಡಬ್ಬಿ ಹೋಗುತ್ತವೆ. ಓಣಿಯ ಮೂವರು ಹೆಣ್ಣುಮಕ್ಕಳು ಈಳಿಗೆ ಮಣೆ ಹಾಕಿಕೊಂಡು ಕೂತು ಹೆಚ್ಚುತ್ತಾರೆ. ಉಪ್ಪು, ಖಾರ, ಮೆಂತ್ಯದ ಹದ ನೋಡುವುದು ನನ್ನ ಪಾಲಿನದು.

ಆ ಮೂವರ ಕೈಗಳೂ ಒಂದೇ ಬಣ್ಣದವು. ಮುಂಗೈಯವರೆಗೆ ಕಂದು, ಬೆರಳ ಸಂದಿಯಲ್ಲಿ ಇನ್ನೂ ಕಪ್ಪು, ಉಗುರಿನ ಬುಡದಲ್ಲಿ ಸಣ್ಣ ಸಣ್ಣ ಬಿರುಕು. ನಾನು ಅದನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ. ಕುಂಬಾರನ ಕೈಗೆ ಮಣ್ಣು ಮೆತ್ತಿರುವ ಹಾಗೆ ಇದೂ ಒಂದು ಎಂದುಕೊಂಡಿದ್ದೆ. ಮೂವರಲ್ಲಿ ಹಿರಿಯಾಕೆ ಅದನ್ನೇ ನಗೆಗೆ ಹಚ್ಚುತ್ತಿದ್ದಳು.

"ಅಕ್ಕಾರ, ಈ ಕೈ ನೋಡಿ ನಮ್ಮ ಸೊಸಿ ನನಗ ರೊಟ್ಟಿ ಬಡಿಯಾಕ ಬ್ಯಾಡ ಅಂತಾಳ್ರಿ. ಛಲೋನ ಆತು. ಕೂತಲ್ಲೇ ಉಣ್ಣಾಕತ್ತೇನಿ."

ಕಿರಿಯಾಕೆಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬಹುದು. ಅಗರಖೇಡದ ಮಗಳು, ನಮ್ಮ ಹಿಂದಿನ ಓಣಿಗೆ ಸೊಸೆಯಾಗಿ ಬಂದವಳು. ಗಂಡ ಟೆಂಪೋ ಓಡಿಸುತ್ತಾನೆ. ಸೊಲ್ಲಾಪುರಕ್ಕೆ ಹಣ್ಣು ಹೇರಿಕೊಂಡು ಹೋದರೆ ಎರಡು ದಿನ ಮನೆಯಲ್ಲಿಲ್ಲ. ಒಂದೂವರೆ ವರ್ಷದ ಹೆಣ್ಣು ಕೂಸು ಇನ್ನೂ ಹಾಲು ಬಿಟ್ಟಿರಲಿಲ್ಲ. ಹಗಲೆಲ್ಲ ಅದನ್ನು ನೋಡಿಕೊಳ್ಳುವವಳು ಇವಳ ಅತ್ತೆ.

ಆ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತನವಾದರೂ ಕೂಸು ಎರೆಯಲು ಅವಳೇ ಬರಬೇಕು. ಕಾಲು ನೀಡಿ ಕೂತು ಕೂಸನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಹೊಗೆ ಹಾಕಿ ಮಲಗಿಸುವವರೆಗೆ ಅವಳು ಯಾರಿಗೂ ಮಾತಾಡಗೊಡುವುದಿಲ್ಲ. ನನ್ನ ಇಬ್ಬರು ಮಕ್ಕಳೂ ಅವಳ ಕಾಲ ಮೇಲೆ ಅತ್ತು ಬೆಳೆದವರೇ. ಆ ಚಳಿಗಾಲದಲ್ಲಿ ಮೂರು ಮನೆಯ ಕೂಸುಗಳು ಅವಳ ಕೈಯಲ್ಲಿದ್ದವು.

ಹೆಚ್ಚುವವರು ಮೊದಲು ತಗಡಿನ ಸೂರಿನ ಕೆಳಗೆ ಕೂಡುತ್ತಿದ್ದರು. ಆ ವರ್ಷ ಥಂಡಿ ಜಾಸ್ತಿ. ಬೆಳಗಿನ ಹೊತ್ತು ಅವರು ಸೆರಗು ಬಿಗಿದು ಮುದುಡಿ ಕೂತದ್ದು ನೋಡಿ, "ಹೊರಗ ಬಿಸಿಲಿಗೆ ಕೂಡ್ರಿ, ಮೈ ಕಾಯ್ತದ," ಎಂದು ನಾನೇ ಹೇಳಿದೆ. ಅವರು ಖುಷಿಯಿಂದ ಮಣೆ ಎತ್ತಿಕೊಂಡು ಹೊರಗೆ ಬಂದರು. ಬಿಸಿಲು ಸರಿದ ಹಾಗೆ ಅವರೂ ಸರಿಯುತ್ತಿದ್ದರು. ಬೆಳಿಗ್ಗೆ ಬಚ್ಚಲ ಗೋಡೆಯ ಬಳಿ, ಮಧ್ಯಾಹ್ನಕ್ಕೆ ತುಳಸಿಕಟ್ಟೆಯ ಹತ್ತಿರ. ಅತ್ತೆ ಹನ್ನೆರಡರ ಸುಮಾರಿಗೆ ಕೂಸನ್ನು ಕರೆತರುತ್ತಿದ್ದಳು. ಎಣ್ಣೆ ಹಚ್ಚಿದ ಬರಿ ಮೈ, ಸೊಂಟದಲ್ಲಿ ಉಡಿದಾರ. ತಾಯಿ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎತ್ತಿ ಎದೆಗೆ ಹಚ್ಚಿಕೊಳ್ಳುತ್ತಿದ್ದಳು. ಹಾಲು ಕುಡಿದ ಕೂಸು ಅಲ್ಲೇ ಬಿಸಿಲಲ್ಲಿ ಸಿಪ್ಪೆಗಳ ನಡುವೆ ತಪ್ಪು ಹೆಜ್ಜೆ ಹಾಕುತ್ತ ಆಡುತ್ತಿತ್ತು. ನೋಡಲು ಚೆಂದವಿತ್ತು.

ಒಂದು ಮಧ್ಯಾಹ್ನ ಆ ಕೂಸು ನನಗೆ ಬೆನ್ನು ಮಾಡಿ ನಿಂತಾಗ ಕಂಡಿತು. ಎಡ ಪಕ್ಕೆಯ ಮೇಲೆ ಅಡ್ಡಡ್ಡಲಾಗಿ ನಾಲ್ಕು ಗೆರೆ. ಕಂಕುಳ ಕೆಳಗೆ ಇನ್ನೊಂದು, ಗಿಡ್ಡದು. ಕಾಯಿಸಿದ ಬೆಲ್ಲದ ಬಣ್ಣ. ನಾಲ್ಕು ಬೆರಳು, ಒಂದು ಹೆಬ್ಬೆರಳು.

"ಇದೇನವ್ವಾ?" ಎಂದೆ.

"ಏನೋ ಗೊತ್ತಿಲ್ರಿ ಅಕ್ಕಾರ. ನಿನ್ನಿ ಎರಿಯುಮುಂದ ಕಂಡೇನಿ. ನಮ್ಮತ್ತಿ ದೃಷ್ಟಿ ಆಗೇತಿ ಅಂತಾರ."

"ದೃಷ್ಟಿಗೆ ಬೆರಳ ಇರ್ತಾವೇನು?"

ಅವಳು ಇನ್ನೊಂದು ಕಾಯಿ ಎತ್ತಿಕೊಂಡಳು. ಈಳಿಗೆಯ ಮೇಲೆ ಬಾಗಿದಳು. ನಾನು ಅದನ್ನು ಭಯ ಎಂದು ಓದಿಕೊಂಡೆ. ಸಣ್ಣವಳಿದ್ದಾಗ ಮುದ್ದೇಬಿಹಾಳದ ನನ್ನ ತವರಿನಲ್ಲಿ, ಹೊಟ್ಟೆ ಉಬ್ಬರಿಸಿದ ಕೂಸಿಗೆ ಬಳೆಯ ಚೂರು ಕಾಯಿಸಿ ಬರೆ ಇಟ್ಟದ್ದನ್ನು ಕಂಡಿದ್ದೆ. ಆ ಗುರುತೂ ಹೀಗೇ ಕಪ್ಪಗಿತ್ತು. ಇವಳ ಅತ್ತೆಯೂ ಹಳೆಯ ಕಾಲದ ಹೆಂಗಸು, ಕೂಸುಗಳ ಔಷಧಿ ಬಲ್ಲವಳು ಅನ್ನಿಸಿಕೊಂಡವಳು. ಬರೆ ಇಟ್ಟಿರಬೇಕು, ಇಲ್ಲವೇ ಹೊಡೆದಿರಬೇಕು. ಇಷ್ಟು ಯೋಚಿಸಲು ನನಗೆ ಒಂದು ಬುಟ್ಟಿ ಲಿಂಬೆ ಹೆಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ.

ನಾನು ಓದಿದ ಕಾನ್ವೆಂಟಿನ ವರಾಂಡದಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಯಾರಾದರೂ ತಪ್ಪು ಮಾಡಿದ್ದು ಕಂಡರೆ ಚೀಟಿ ಬರೆದು ಹಾಕಬೇಕು, ಹೆಸರು ಬರೆಯಬೇಕಾಗಿಲ್ಲ ಎಂದು ಸಿಸ್ಟರ್ ಹೇಳಿದ್ದರು. ನಾನು ಅಚ್ಚುಕಟ್ಟಾದ ಅಕ್ಷರದಲ್ಲಿ ಬಹಳ ಚೀಟಿ ಹಾಕಿದ ಹುಡುಗಿ. ಆ ಸಂಜೆ ಅಂಗನವಾಡಿಯ ಟೀಚರು ನಮ್ಮ ಬಾಗಿಲ ಮುಂದೆ ಹಾದು ಹೋಗುವಾಗ ಅವರನ್ನು ನಿಲ್ಲಿಸಿ ಕಂಡದ್ದನ್ನು ಹೇಳಿದೆ. "ನನ್ನ ಹೆಸರು ತಗೀಬ್ಯಾಡ್ರಿ," ಎಂದೂ ಸೇರಿಸಿದೆ.

"ಹೇಳಿದ್ದು ಛಲೋ ಆತ್ರಿ ಮೇಡಮ್ಮಾರ. ನಾ ಕೇಳತೇನಿ ತಗೋರಿ," ಎಂದರು ಅವರು.

ಕೇಳಿದರು. ಹೇಗೆ ಕೇಳಿದರು ಎಂಬುದು ಎರಡು ದಿನದ ಮೇಲೆ ಹಿರಿಯಾಕೆಯ ಬಾಯಿಂದ ಗೊತ್ತಾಯಿತು. ಕಿರಿಯಾಕೆ ಅವತ್ತು ಕೆಲಸಕ್ಕೆ ಬಂದಿರಲಿಲ್ಲ.

"ತತ್ತಿ ಹಂಚೂಮುಂದ ಕೇಳಿದ್ರಂತ್ರಿ, 'ಆಯಿ, ಕೂಸಿಗಿ ಬರಿ ಇಟ್ಟಿಯೇನ' ಅಂತ. ಎಲ್ಲಾ ತಾಯಂದಿರ ಮುಂದ. ಮುದುಕಿ ಕೈಯಾಗಿನ ತತ್ತಿ ಅಲ್ಲೇ ಬಿತ್ತಂತ. ಮಗಾನೂ ಊರಿಂದ ಬಂದಾವ ಅದನ್ನಽ ಕೇಳ್ಯಾನ. ಈಗ ಆ ಮೂರೂ ಮನಿಯವ್ರು ನಾಳಿಂದ ಎರಿಯಾಕ ಬ್ಯಾಡ ಅಂದಾರ್ರಿ."

"ಮೂರೂ ಮನಿಯವರೇ?"

"ಹೂನ್ರಿ. ಬರಿ ಇಡೂ ಕೈಗಿ ಯಾರ ಕೂಸು ಕೊಡ್ತಾರ?"

ಆಕೆ ಲಿಂಬೆ ಹೆಚ್ಚುತ್ತಲೇ ಇದ್ದಳು. ನಾನು ಮೆಂತ್ಯ ಹುರಿಯಲು ಒಳಗೆ ಹೋದೆ.

ಆ ದಿನ ಮುದುಕಿ ಮಾಡಿದ್ದನ್ನು ಇಡೀ ಓಣಿ ನೋಡಿತು. ಕೂಸನ್ನು ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂಡಿಸಿದಳು. ಸೊಸೆ ನಮ್ಮ ಹಿತ್ತಲಿಂದ ಉಡಿಯಲ್ಲಿ ತಂದಿಟ್ಟಿದ್ದ ಲಿಂಬೆಗಳಲ್ಲಿ ಎರಡನ್ನು ಕೂಸಿನ ತಲೆಯ ಸುತ್ತ ಇಳಿಸಿ ದಾರಿಗೆ ಎಸೆದಳು. ಮೂರನೆಯದನ್ನು ಎರಡು ಹೋಳು ಮಾಡಿ, ಆ ಗುರುತಿನ ಮೇಲೆಲ್ಲ, ಬೆನ್ನಿನವರೆಗೂ ತಿಕ್ಕಿದಳು. "ನೋಡ್ರಿ, ನಾ ಹಚ್ಚೂದು ಇದು. ಬೆಂಕಿ ಅಲ್ಲ," ಎಂದು ಎದುರು ಮನೆಯವರಿಗೆ ಕೇಳುವ ಹಾಗೆ ಹೇಳಿದಳಂತೆ. ಆಮೇಲೆ ಗಂಟು ಕಟ್ಟಿಕೊಂಡು ಸಿಂದಗಿಗೆ, ಮಗಳ ಮನೆಗೆ ಹೋಗಿಬಿಟ್ಟಳು.

ಇನ್ನು ಕೂಸನ್ನು ನೋಡುವವರಿಲ್ಲ. ಕಿರಿಯಾಕೆ ಅದನ್ನು ಕಟ್ಟಿಕೊಂಡೇ ಕೆಲಸಕ್ಕೆ ಬಂದಳು. ಅತ್ತೆಯ ಸುದ್ದಿ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕೂಸು ಆಗಾಗ ಬಾಗಿಲ ಕಡೆ ನೋಡಿ "ಆಯೀ" ಎನ್ನುತ್ತಿತ್ತು.

ಎರಡನೆಯ ದಿನ ಅದರ ಬೆನ್ನಿನ ಮೇಲೆ ಹೊಸ ಗುರುತು ಎದ್ದಿತ್ತು. ಕೆಂಪಗೆ, ಅಂಚಿನಲ್ಲಿ ಸಣ್ಣ ನೀರ್ಗುಳ್ಳೆ. ಮುದುಕಿ ಸಿಂದಗಿಯಲ್ಲಿದ್ದಾಳೆ, ಇಲ್ಲಿ ಬರೆ ಇಡುವವರು ಯಾರು? ನಾನು ಕೂಸನ್ನು ಹತ್ತಿರ ಕರೆದು ನೋಡಿದೆ. ಹೆಗಲ ಮೂಳೆಯ ಕೆಳಗೆ ಅಂಗೈ ಅಗಲದ ಒಂದು ಮಚ್ಚೆ. ಅಲ್ಲಿಂದ ಹೊರಟ ಒಂದು ಸಪೂರ ಗೆರೆ ಬೆನ್ನಿನ ಮೇಲೆ ಇಳಿದು, ಸೊಂಟದ ಹತ್ತಿರ ಸ್ವಲ್ಪ ಬಾಗಿ, ಉಡಿದಾರದ ಬಳಿ ಹನಿಯ ಹಾಗೆ ದಪ್ಪಗಾಗಿ ನಿಂತಿತ್ತು. ಏಟು ಬಿದ್ದರೆ ಹೀಗೆ ಹರಿಯುವುದಿಲ್ಲ. ಬರೆಯೂ ಹರಿಯುವುದಿಲ್ಲ. ಹರಿಯುವುದು ನೀರಿನಂಥದ್ದು ಮಾತ್ರ.

ತಲೆ ಎತ್ತಿದೆ. ಕಿರಿಯಾಕೆ ಹಣೆಯ ಮೇಲಿನ ಕೂದಲನ್ನು ಮುಂಗೈಯಿಂದ ಸರಿಸುತ್ತಿದ್ದಳು. ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಅಂಥದೇ ಒಂದು ಗೆರೆ ಇತ್ತು, ಕಂದು. ಕೈ ಎತ್ತಿದಾಗಲೆಲ್ಲ ಲಿಂಬೆಯ ರಸ ಇಳಿಯುವ ದಾರಿ ಅದು. ಎಷ್ಟೋ ಸಲ ನೋಡಿದ್ದೆ.

"ನಾಳೆ ಸಿಂದಗಿಗೆ ಹೋಗೂಣು," ಎಂದೆ. ವಿಜಯಪುರದ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಅಲ್ಲಿ ಬಂದು ಕೂಡುತ್ತಾರೆಂದು ಕೇಳಿದ್ದೆ. ಅವಳು ಬೇರೆ ಏನೂ ಕೇಳದೆ, "ನಮ್ಮತ್ತೀನೂ ಅಲ್ಲೇ ಅದಾರ್ರಿ," ಎಂದಳು.

ದೇವರ ಹಿಪ್ಪರಗಿಯ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕಿಟಕಿಯ ಬಿಸಿಲು ಕೂಸಿನ ಮೇಲೆ ಬೀಳದ ಹಾಗೆ ನಾನು ಸೆರಗು ಅಡ್ಡ ಹಿಡಿದುಕೊಂಡಿದ್ದೆ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಡಾಕ್ಟರು ಹರೆಯದವರು. ಕೂಸಿನ ಬೆನ್ನನ್ನು ಒಂದು ಸಲ ನೋಡಿ, ಆಮೇಲೆ ತಾಯಿಯ ಕೈಗಳನ್ನು ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದರು.

"ಏನ್ ಕೆಲಸಾ ಮಾಡ್ತೀರವ್ವಾ?"

"ಇವರ ಮನ್ಯಾಗ ಲಿಂಬಿ ಹೆಚ್ಚತೇನ್ರಿ."

"ನೆರಳಾಗೋ, ಬಿಸಲಾಗೋ?"

"ಬಿಸಲಾಗ್ರಿ. ಥಂಡಿ ಅಂತ ಅಕ್ಕಾರ ಅಲ್ಲೇ ಕೂಡ್ರಿ ಅಂದ್ರು."

ಅವರು ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ಅವಳಿಗೆ ಹೇಳಿದರು, "ಕೂಸನ್ನ ಹಾಲಿಗೆ ಹೆಂಗ ಹಿಡಿತೀರೋ ಹಂಗ ಹಿಡೀರಿ ನೋಡೂಣು."

ಅವಳು ಕೂಸನ್ನು ಎದೆಗೆ ಒರಗಿಸಿಕೊಂಡಳು. ಬಲಗೈ ತಾನಾಗಿ ಎಡ ಪಕ್ಕೆಗೆ ಹೋಯಿತು. ನಾಲ್ಕು ಬೆರಳು ನಾಲ್ಕು ಗೆರೆಗಳ ಮೇಲೆ ಕೂತವು. ಹೆಬ್ಬೆರಳು ಕಂಕುಳ ಕೆಳಗೆ ಸೇರಿತು. ಗುರುತು ಪೂರ್ತಿ ಮುಚ್ಚಿಹೋಯಿತು.

ಕಾದ ಹಂಚು ಮುಟ್ಟಿದ ಹಾಗೆ ಅವಳು ಕೈ ಕಿತ್ತುಕೊಂಡಳು. "ಇದನ್ನ ನಾನಽ ಮಾಡೇನೇನ್ರಿ?"

"ನೀವಲ್ಲವ್ವಾ. ಲಿಂಬಿ ರಸಾ, ಸಿಪ್ಪಿಯೊಳಗಿನ ಎಣ್ಣಿ, ಮ್ಯಾಲ ಬಿಸಲು. ಬರೇ ಲಿಂಬಿ ಹತ್ತಿದ್ರ ಇಷ್ಟ ಆಗಂಗಿಲ್ಲ. ಬಿಸಲ ಕೂಡಿದ್ರ ಚರ್ಮ ಸುಟ್ಟಂಗ ಆಗತೈತಿ. ಅದೂ ಇವತ್ತ ಹತ್ತಿದ್ದು ಇವತ್ತ ಕಾಣಂಗಿಲ್ಲ, ನಾಳೆ ನಾಡಿದ್ದ ಕಾಣತೈತಿ. ಅದಕ್ಕಽ ಯಾರಿಗೂ ಗೊತ್ತಾಗೂದಿಲ್ಲ. ನಿಮ್ಮ ಕೈ ನೋಡ್ರಿ, ಅದೂ ಅದರದಽ ರೋಗ. ಕೂಸಿನ ಮೈ ಎಳೀದು, ಎದ್ದ ಕಂಡೈತಿ."

"ಹೋಗತೈತೇನ್ರಿ?"

"ಹೋಗತೈತಿ. ತಿಂಗಳಗಟ್ಟಲೆ ಹಿಡೀತೈತಿ, ಆದ್ರ ಹೋಗತೈತಿ. ಮತ್ತ ಹತ್ತಗೊಡಬಾರದು, ಅಷ್ಟಽ."

ಗುಳ್ಳೆಗೆ ಒಂದು ಮುಲಾಮು ಬರೆದುಕೊಟ್ಟರು. ಆಮೇಲೆ ಪೆನ್ನಿಗೆ ಟೋಪಿ ಹಾಕಿ, "ಔಷಧಿ ಇವರಿಗೆ ಆತು. ಉಳಿದದ್ದು ನಿಮಗ ಹೇಳಬೇಕು. ಕೆಲಸದ ಜಾಗಾ ನಿಮ್ಮದಲ್ರಿ?" ಎಂದರು.

ಅವರು ಹೇಳಿದ್ದರಲ್ಲಿ ಕಷ್ಟದ್ದು ಏನೂ ಇರಲಿಲ್ಲ. ಕೆಲಸ ನೆರಳಲ್ಲಿ ಆಗಬೇಕು. ಕೂತಲ್ಲಿಗೆ ಹತ್ತಿರ ನಲ್ಲಿ, ಸಾಬೂನು ಇರಬೇಕು. ಕೈಗವಸು ಉದ್ದದ್ದು ಬೇಕು, ಒಳಗೆ ಹತ್ತಿಯದೊಂದು. ಒಳಗೆ ರಸ ಇಳಿದ ಕೈಗವಸು, ಏನೂ ಹಾಕದೆ ಇರುವುದಕ್ಕಿಂತ ಕೆಟ್ಟದ್ದು. ಬಿರುಕು ಬಿಟ್ಟ ಕೈಯವರನ್ನು ಉಪ್ಪಿಗೆ ಹಚ್ಚಬಾರದು. ಕೆಲಸ ಮುಗಿದ ಮೇಲೆ ಕೈ ತೊಳೆದು, ಒರೆಸಿ, ಎಣ್ಣೆ ಸವರಿಕೊಳ್ಳಬೇಕು. ಕೂಸನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸಾಬೂನು. ನಾನು ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದೆ. ಇಷ್ಟು ವರ್ಷ ಉಪ್ಪಿನಕಾಯಿಗೆ ಹುಳಿ ಹಿಡಿಯದ ಸ್ಟೀಲಿನ ಪಾತ್ರೆಯೇ ಬೇಕೆಂದು ಹಟ ಹಿಡಿದವಳು ನಾನು. ಅದೇ ಹುಳಿಯಲ್ಲಿ ದಿನವಿಡೀ ಇರುವ ಕೈಗೆ ಏನು ಬೇಕೆಂದು ಕೇಳಿಕೊಂಡಿರಲಿಲ್ಲ.

ಮುದುಕಿಯ ಮಗಳ ಮನೆ ಬಸ್ ನಿಲ್ದಾಣದ ಹಿಂದೆ. ಮುದುಕಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಕೂಸು ಕಂಡ ಕೂಡಲೇ ಎರಡೂ ಕೈ ಚಾಚಿತು. ಅವಳು ಮೊರ ಬಿಡಲಿಲ್ಲ.

"ನಾ ಮುಟ್ಟಂಗಿಲ್ಲವ್ವಾ. ನನ್ನ ಕೈಯಾಗ ಬೆಂಕಿ ಐತಿ."

ನಾನು ನಿಂತೇ ಹೇಳಿದೆ. "ಆಯಿ, ಟೀಚರಿಗೆ ಹೇಳಿದಾಕಿ ನಾನು."

"ಗೊತ್ತೈತಿ."

"ಯಾರು ಹೇಳಿದ್ರು?"

"ಯಾರ ಯಾಕ ಹೇಳಬೇಕ್ರಿ. ನಮ್ಮ ಓಣ್ಯಾಗಿನವ್ರ ಕಂಡಿದ್ರ ಬಾಗಲಕ್ಕ ಬಂದ ಬೈತಿದ್ರು. ಇನ್ನೊಬ್ಬರ ಕಿವ್ಯಾಗ ಹೇಳಿ ಮನಿಯಾಗ ಕೂಡೂದು ದೊಡ್ಡ ಸಾಲಿ ಕಲತವ್ರ ಪದ್ಧತಿ."

ಸೊಸೆ ನಡುವೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಬಾಯಿಂದ ಹೇಳಿದ್ದು ಕಡಿಮೆ. ಕೂಸಿನ ಅಂಗಿ ಎತ್ತಿ, ತನ್ನ ಕೈ ಇಟ್ಟು ತೋರಿಸಿದಳು. ಮುದುಕಿ ಬಾಗಿ ನೋಡಿದಳು. ಸೊಸೆಯ ಕೈ ಎತ್ತಿ ಕೆಳಗೆ ನೋಡಿದಳು, ಮತ್ತೆ ಇಟ್ಟು ನೋಡಿದಳು. ಆಮೇಲೆ ಅವಳ ಕಣ್ಣು ಬೆನ್ನಿನ ಮೇಲಿನ ಕೆಂಪು ಮಚ್ಚೆಗೆ, ಅಲ್ಲಿಂದ ಇಳಿದ ಗೆರೆಗೆ ಹೋಯಿತು.

"ಹಂಗಾರ ಇದು, ನಾ ತಿಕ್ಕಿದ ಲಿಂಬಿದೇನು?"

ಸೊಸೆ ಕೂಸಿನ ಅಂಗಿ ಇಳಿಸಿದಳು. ಮೊರದಲ್ಲಿದ್ದ ತೊಗರಿ ಒಂದು ಮೂಲೆಗೆ ಸರಿದು ಕೂತಿತು.

"ಬಿಸಲಾಗ ಕೂಡ್ರಿ ಅಂದಾಕಿ ನಾನು," ಎಂದೆ. ಅದೊಂದು ಸಮಾಧಾನದ ಮಾತೆಂದು ನನಗೆ ಅನ್ನಿಸಿತ್ತು.

"ಅಂದ್ರ ಮೂರು ಹೆಂಗಸರು ಕೂಡಿ ಒಂದ ಕೂಸಿಗಿ ಬರಿ ಇಟ್ಟಂಗಾತು." ಅವಳು ಮೊರ ಬದಿಗಿಟ್ಟು ಕೂಸನ್ನು ಎತ್ತಿಕೊಂಡಳು. ನನ್ನ ಮುಖ ನೋಡದೆ ಹೇಳಿದಳು. "ನಾ ಬರತೇನಿ. ಆದ್ರ ಟೀಚರು ಎಲ್ಲಿ ಕೇಳಿದ್ರೋ ಅಲ್ಲೇ ನೀವ ಹೇಳಬೇಕು. ನಿಮ್ಮ ಬಾಯಿಲೆ. ತತ್ತಿ ಹಂಚೂ ದಿನ, ಎಲ್ಲಾರೂ ಇದ್ದಾಗ."

ಹೇಳಿದೆ. ಅಂಗನವಾಡಿಯ ಬಾಗಿಲಲ್ಲಿ ಹದಿನಾಲ್ಕು ಹೆಂಗಸರಿದ್ದರು. ನಿಂತಾಗ ಮಾಡಲು ಬೇರೆ ಕೆಲಸವಿಲ್ಲದೆ ಎಣಿಸಿದ್ದೆ. ತಪ್ಪಾಗಿ ತಿಳಿದವಳು ನಾನು, ಟೀಚರಿಗೆ ಹೇಳಿದವಳು ನಾನು, ಆ ಗುರುತು ನಮ್ಮ ಹಿತ್ತಲಿನ ಕೆಲಸದ್ದು, ಆಯಿಯ ಕೈಯದಲ್ಲ ಎಂದೆ. ಧ್ವನಿ ಬಹಳ ಸಣ್ಣಗಿತ್ತೇನೋ, ಹಿಂದಿನಿಂದ ಯಾರೋ "ಜರಾ ಜೋರ ಹೇಳ್ರಿ, ಕೇಳವಲ್ದು" ಎಂದರು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು. ಕಿರಿಯಾಕೆ ತನ್ನ ಕೈ ತೋರಿಸಿದಳು. ಇಬ್ಬರು ಮೂವರು ತಮ್ಮ ಕೈಗಳನ್ನೂ ತಿರುಗಿಸಿ ನೋಡಿಕೊಂಡರು. ಅವರೂ ಎಲ್ಲೋ ಲಿಂಬೆ ಆರಿಸುವವರೇ. ಟೀಚರು ಆಯಿಯ ಕೈಯಲ್ಲಿ ತತ್ತಿ ಇಡುವಾಗ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ.

ಹಿತ್ತಲಲ್ಲಿ ಈಗ ತಗಡಿನ ಸೂರನ್ನು ಮುಂದೆ ಚಾಚಿ ಹಸಿರು ನೆರಳುಬಲೆ ಕಟ್ಟಿಸಿದ್ದೇವೆ. ಕೈಗವಸಿನ ಕಥೆ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಮೊದಲು ನಾನು ತಂದದ್ದು ದವಾಖಾನೆಯ ತೆಳುವಿನವು. ಈಳಿಗೆ ತಾಗಿ ಮೊದಲ ದಿನವೇ ಹರಿದವು. ಆಮೇಲಿನವು ದಪ್ಪ, ಲಿಂಬೆ ಜಾರುತ್ತದೆಂದು ಹಿರಿಯಾಕೆ ಬೆರಳ ತುದಿಗಳನ್ನೇ ಕತ್ತರಿಸಿ ಹಾಕಿಕೊಂಡಿದ್ದಳು. "ಬೆರಳ ಬಿಟ್ಟ ಉಳಿದದ್ದೆಲ್ಲಾ ಕಾಯತೈತಿ ನೋಡ್ರಿ," ಎಂದು ಕೈ ಎತ್ತಿ ತೋರಿಸಿದಳು. ಈಗ ಒಳಗೆ ಹತ್ತಿಯದು, ಹೊರಗೆ ಮೊಣಕೈವರೆಗಿನ ರಬ್ಬರಿನದು. ಕೆಲಸ ನಿಧಾನವಾಗಿದೆ. ಖಾನಾವಳಿಯ ಡಬ್ಬಿಗಳು ಎರಡು ದಿನ ತಡವಾಗಿ ಹೋಗುತ್ತವೆ. ಅವರ ಕೈಗಳು ಮೊದಲಿನ ಬಣ್ಣಕ್ಕೆ ಬಂದಿಲ್ಲ, ಬಿರುಕು ಮಾತ್ರ ಮುಚ್ಚಿಕೊಂಡಿವೆ.

ಮೂರು ಮನೆಗಳಲ್ಲಿ ಎರಡು ಮನೆಯವರು ಆಯಿಯನ್ನು ಮತ್ತೆ ಕರೆದರು. ಮೂರನೆಯವರು ಕರೆಯಲಿಲ್ಲ. ನಾನು ಅವರ ಮನೆಗೆ ಬೇರೆಯಾಗಿ ಹೋಗಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಅವರು ಚಹಾ ಕೊಟ್ಟರು, ಕೊನೆಯವರೆಗೆ ಕೇಳಿದರು, "ಆತ್ರಿ, ನೋಡೂಣು" ಎಂದರು. ಹೋದ ವಾರ ಆ ಕೂಸಿಗೆ ಆರು ತಿಂಗಳು ತುಂಬಿತು. ಅದನ್ನು ಈಗ ತಾಯಿಯೇ ಎರೆಯುತ್ತಾಳೆ. ಹೊರಗಿನ ಕೈ ಇನ್ನು ಬೇಕಾಗುವುದಿಲ್ಲ.

ಈ ಸುದ್ದಿಯನ್ನು ಆಯಿಗೆ ನಾನೇ ಹೇಳಿದೆ. ಮಧ್ಯಾಹ್ನದ ಹೊತ್ತು, ಅವಳು ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನೆರಳಿನ ಅಂಚಿನಲ್ಲಿ ನಿಂತಿದ್ದಳು. ಸೊಸೆ ನಲ್ಲಿಯ ಕೆಳಗೆ ಕೈ ತೊಳೆದು ಬಂದು ಮುಂದೆ ಚಾಚಿದಳು. ಆಯಿ ಆ ಕೈಗಳನ್ನು ಮೂಗಿಗೆ ಹಿಡಿದು ಮೂಸಿ ನೋಡಿದಳು.

"ಇನ್ನೂ ಲಿಂಬಿ ನಾರತೈತಿ. ಇನ್ನೊಮ್ಮಿ ತೊಳಕೊಂಡ ಬಾ," ಎಂದು ಅವಳನ್ನು ತಿರುಗಿ ಕಳಿಸಿ, ನನಗೆ ಹೇಳಿದಳು. "ಬಿಡ್ರಿ. ಅವರಿಗಿ ಇನ್ನೊಂದ ಆಗತೈತಿ. ಕರದ್ರ ಹೊಕ್ಕೇನಿ, ಕರೀಲಿಲ್ಲಂದ್ರ ಇಲ್ಲ."

ನಲ್ಲಿಯ ಹತ್ತಿರ ಸೊಸೆ ಮೊಣಕೈವರೆಗೆ ಮತ್ತೆ ಸಾಬೂನು ಹಚ್ಚಿಕೊಳ್ಳುತ್ತಿದ್ದಳು. ಕೂಸು ಹಸಿವಿಗೆ ಅಳಲು ಶುರು ಮಾಡಿತ್ತು. ಆಯಿ ಅದನ್ನು ತಟ್ಟುತ್ತ ನಿಂತಿದ್ದಳು, ಕೊಡಲಿಲ್ಲ.